ರಾಗ ಬದಲಿಸಬೇಡ

ಹಾವೇರಿ

ಪ್ರೀತಿಯ ಮಗಳಿಗೆ,

ಧಾರವಾಡದ ಕಾರ್ಯಕ್ರಮದಲ್ಲಿ ಭೀಮಪಲಾಸ ಬಿಟ್ಟು ಯಮನ್ ಹಾಡುತ್ತೇನೆ ಅಂತ ಮೆಸೇಜ್ ಹಾಕಿದ್ದೀಯ. ಕಾರಣ ಬರೆದಿಲ್ಲ. ಬರೆಯೋದೂ ಬೇಕಿಲ್ಲ. ಹಾಡುವ ಮೊದಲು ಮೈಕಿನಲ್ಲಿ ರಾಗದ ಹೆಸರು ಹೇಳಬೇಕಲ್ಲ. 'ಭೀ' ಅನ್ನೋಕೆ ಹೋದರೆ ಉಗ್ಗು ಬಂದು, ತುಟಿ ಮುಚ್ಚಿಕೊಂಡು ಮಾತು ಅಲ್ಲೇ ನಿಂತುಬಿಡುತ್ತದೆ. 'ಯ' ಸಲೀಸಾಗಿ ಬರುತ್ತದೆ.

ಇದು ನಿನ್ನ ಹಳೇ ಉಪಾಯ. ಒಂದು ಯುಗಾದಿಗೆ ಬೆಲ್ಲ ತಾ ಅಂದರೆ ಸಕ್ಕರೆ ತಂದಿದ್ದೆ, ನೆನಪಿದೆಯಾ? ಅಂಗಡಿಯಲ್ಲಿ 'ಬೆ' ಹೊರಡಲಿಲ್ಲ. ಆ ವರ್ಷ ಹೋಳಿಗೆ ಸಕ್ಕರೆಯದ್ದೇ ಆಯಿತು, ಎಲ್ಲರೂ ತಿಂದರು. ಉಗ್ಗುವವರಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಸಿಕ್ಕಿಕೊಳ್ಳುವ ಶಬ್ದ ದೂರದಿಂದಲೇ ಗೊತ್ತಾಗುತ್ತದೆ, ಬೇರೆ ಶಬ್ದ ಹಿಡಿದು ಪಾರಾಗುತ್ತಾರೆ. ಹೆಸರನ್ನು ಮಾತ್ರ ಬದಲಿಸೋಕೆ ಬರಲ್ಲ. ಅದಕ್ಕೇ ಎಷ್ಟೋ ಜನರಿಗೆ ಸ್ವಂತ ಹೆಸರು ಹೇಳುವಾಗಲೇ ಜಾಸ್ತಿ ತಡೆಯುತ್ತದೆ.

ಆದರೆ ನಿನಗೆ ಕೊಟ್ಟಿರೋ ಹೊತ್ತು ಮಧ್ಯಾಹ್ನ 3 ಗಂಟೆ. ಆ ಬಿಸಿಲಲ್ಲಿ ಸಂಜೆಯ ರಾಗ ಯಮನ್? ಅದೂ ಧಾರವಾಡದಲ್ಲಿ? ಹಿಂದಿನ ಸಾಲಿನ ಅಜ್ಜಂದಿರು 'ಹೊತ್ತು ಮುಳುಗೇತೇನ್ರಿ?' ಅಂತ ಕೇಳದೆ ಬಿಡುತ್ತಾರಾ! ಇನ್ನೂ ಒಂದು ವಿಷಯ. ಈ ಅಕ್ಷರಕ್ಕೆ ಹೆದರಿದರೆ ಭೂಪ ಹೋಯಿತು, ಭೈರವ, ಭೈರವಿ, ಬಾಗೇಶ್ರೀ, ಬಿಹಾಗ, ಬಸಂತ, ಬಹಾರ ಎಲ್ಲ ಹೋದವು. ಆಮೇಲೆ ಉಳಿಯೋದೇನು?

'ಹಾಡ್ಲಿ ಬಿಡ್ರಿ, ಮಾತು ತಾನಾ ಸರಿ ಹೋಗ್ತೈತಿ' ಅಂತ ಓಣಿಯವರು ಈಗಲೂ ಹೇಳುತ್ತಾರೆ. ನಿನ್ನ ಅಜ್ಜಿ ಬಜೆ ತೇದು ನಾಲಿಗೆಗೆ ಹಚ್ಚಿದ್ದೂ ಆಯಿತು. ನಾಲಿಗೆಯಲ್ಲಿ ಏನೂ ದೋಷ ಇರಲಿಲ್ಲ, ಅದೇ ನಾಲಿಗೆ ದ್ರುತ್‌ನ ವೇಗದಲ್ಲಿ ಸರಗಮ್ ಹೇಳುತ್ತದಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ನಿನ್ನ ಧ್ವನಿ ಎಲ್ಲರಿಗಿಂತ ಮುಂದೆ. ಸ್ವಲ್ಪ ಹೊತ್ತಿಗೆ ಹಾಜರಿ ಕೂಗಿದರೆ 'ಎಸ್ ಸರ್' ಬರುತ್ತಿರಲಿಲ್ಲ. ಹಾಡಿನಲ್ಲಿ ಶಬ್ದ ಮೊದಲೇ ಬಾಯಿಪಾಠ, ಲಯ ಗೊತ್ತು, ಸ್ವರ ಎಳೆದಷ್ಟು ಉದ್ದ, ಉಸಿರು ಕಡಿಯಲ್ಲ. ಹತ್ತು ಜನರ ಜೊತೆ ಒಟ್ಟಿಗೆ ಹೇಳಿದರೂ ತಡೆ ಕಡಿಮೆ. ಮಾತಿನಲ್ಲಿ ಅದನ್ನೆಲ್ಲ ಮಿದುಳು ಆ ಕ್ಷಣದಲ್ಲೇ ಹೊಂದಿಸಬೇಕು. ಹಾಡು ಮುಗಿಸಿ ಎದ್ದರೆ ಉಗ್ಗು ಅಲ್ಲೇ ಇರುತ್ತದೆ. ಚಿಕ್ಕಂದಿನಲ್ಲಿ ಉಗ್ಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ, ದೊಡ್ಡವರಲ್ಲಿ ನೂರಕ್ಕೆ ಸುಮಾರು 1 ಮಂದಿಗೆ ಉಳಿಯುತ್ತದೆ. ನಿನಗೆ ಉಳಿಯಿತು. ಸಂಗೀತವನ್ನು ಔಷಧಿ ಅಂತ ನೋಡೋದು ನನಗಂತೂ ಸೇರಲ್ಲ. ಔಷಧಿ ಆದರೆ ಗುಣ ಆದಮೇಲೆ ಬಿಡಬೇಕಲ್ವಾ?

ಗಂಗೂಬಾಯಿ ಹಾನಗಲ್ಲರ ಮೊದಲ ಕಾಲದ ರೆಕಾರ್ಡ್ ನೀನೇ ನನಗೆ ಕೇಳಿಸಿದ್ದೆ. ತೆಳು, ಏರು ಧ್ವನಿ. ಗಂಟಲಿನ ಆಪರೇಶನ್ ಆದಮೇಲೆ ಅದು ಗಡಸಾಯಿತು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತಿದ್ದನ್ನು ಆ ಗಡಸು ಧ್ವನಿಯಲ್ಲೇ ಹಾಡಿದರು. ಇವತ್ತು ಅವರ ಹೆಸರು ಹೇಳಿದರೆ ಜನರ ಕಿವಿಗೆ ಬರೋದು ಆ ಧ್ವನಿಯೇ. ಅದೂ ನಿನ್ನದೂ ಒಂದೇ ಅಲ್ಲ, ಗೊತ್ತು. ಅವರ ಕಷ್ಟ ಹಾಡಿನ ಒಳಗಿತ್ತು, ನಿನ್ನದು ಹಾಡು ಶುರುವಾಗೋ ಮೊದಲಿನ ಎರಡು ಶಬ್ದದಲ್ಲಿದೆ.

ಆ ಎರಡು ಶಬ್ದ ನೀನೇ ಹೇಳಬೇಕು ಅಂತ ನನ್ನ ಹಟ ಇಲ್ಲ. ನಿರೂಪಣೆ ಮಾಡುವವರು ಹೇಳಿದರೂ ಆಯಿತು, ಎಷ್ಟೋ ಕಚೇರಿಯಲ್ಲಿ ಅವರೇ ಹೇಳುತ್ತಾರೆ. ನೀನೇ ಹೇಳ್ತೀನಿ ಅಂದರೆ ನಿಧಾನಕ್ಕೆ ಹೇಳು. 'ಭೀ' ನಿಂತರೆ ನಿಲ್ಲಲಿ. ತಬಲಾದವರು ಶ್ರುತಿ ಕೂಡಿಸೋಕೆ ಸುತ್ತಿಗೆ ಹಿಡಿದು ಕೂತಾಗ ಅದಕ್ಕಿಂತ ಜಾಸ್ತಿ ಹೊತ್ತು ಸಭೆ ಸುಮ್ನೆ ಕಾಯುತ್ತದೆ. ಮುಂದಿನ ಸಾಲಿನಿಂದ ಯಾರಾದರೂ 'ಭೀಮಪಲಾಸ' ಅಂತ ಪೂರ್ತಿ ಮಾಡಿಕೊಟ್ಟರೆ ಸಿಟ್ಟಾಗಬೇಡ, ನೀನು ಇನ್ನೊಂದು ಸಲ ಹೇಳು. ಆಮೇಲೆ ಕೆಳಗಿನ ನಿಷಾದದಿಂದ ಹೊರಟು ಸಾ, ಗಾ ದಾಟಿ ಮಧ್ಯಮದ ಮೇಲೆ ನಿಂತುಕೋ. ರಜೆಗೆ ಬಂದಾಗ ಹಿತ್ತಲಲ್ಲಿ ಕೂತು ಆ ಮಧ್ಯಮ ಹಿಡಿದಿದ್ದೆಯಲ್ಲ, ಪಕ್ಕದ ಮನೆಯವರು ನಲ್ಲಿ ಬಂದ್ ಮಾಡಿ ಕೇಳಿದ್ದರು.

ಯಾರೇ ಹೇಳಲಿ, ಹಾಡೋದು ಭೀಮಪಲಾಸವೇ ಆಗಲಿ.

ನಾವಿಬ್ಬರೂ ಬೆಳಗಿನ ಬಸ್ಸಿಗೆ ಬರುತ್ತೇವೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ತರುತ್ತೇನೆ, ರೂಮಿನ ಹುಡುಗಿಯರಿಗೂ ಹೇಳಿರು. ನಿಮ್ಮ ಅಪ್ಪನನ್ನು ಹಿಂದೆ ಕೂರಿಸುತ್ತೇನೆ. ನೀನು ಮಾತಾಡುವಾಗ ಅವರೂ ತುಟಿ ಅಲ್ಲಾಡಿಸುತ್ತಾರೆ, ಅದು ನೋಡಿ ನಿನಗೆ ನಗು ಬಂದರೆ ಕಷ್ಟ.

ನಿನ್ನ ಅವ್ವ