ತುಲಾ ಸಂಕ್ರಮಣಕ್ಕೆ ಗುದ್ದಲಿ ಪೂಜೆ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ಕೊಡಗಲ್ಲಿ ಸರ್ಕಾರಿ ಕಾಮಗಾರಿ ಯಾವಾಗ ಜೋರಾಗುತ್ತೆ ಅಂತ ಯಾರನ್ನ ಕೇಳಿದ್ರೂ ಒಂದೇ ಉತ್ತರ, ಮಳೆ ಶುರುವಾಗೋಕೆ ಮುಂಚೆ. ಅನುದಾನ ಬಂದು ಎಸ್ಟಿಮೇಟ್ ಆಗಿ ಟೆಂಡರ್ ಮುಗಿದು ವರ್ಕ್ ಆರ್ಡರ್ ಕೈಗೆ ಬರೋಷ್ಟರಲ್ಲಿ ಜನವರಿ ಕಳೆದಿರುತ್ತೆ, ಆಗ ತೋಟದಲ್ಲಿ ರೊಬಸ್ಟಾ ಕುಯ್ಲು, ಆಳು ಸಿಗಲ್ಲ, ಆದ್ರೆ ಮಾರ್ಚ್ 31ರೊಳಗೆ ಬಿಲ್ ಆಗ್ಬೇಕು, ಸರಿ, ಎಲ್ಲಾ ಕಡೆ ಒಟ್ಟಿಗೆ ಅಗೆದು ಹಾಕ್ತಾರೆ. ಕೆಲ್ಸ ಎಳೆದು ಮೇ ಕೊನೇಲಿ ಹಾಕಿದ ಟಾರು ಜೂನಲ್ಲಿ ಚರಂಡಿ ಸೇರುತ್ತೆ.

ನಮ್ಮ ಕಡೆ ಒಂದು ಸಮುದಾಯ ಭವನ ಕಟ್ಟಿದ್ರು. ಟಾಯ್ಲೆಟ್ ಗೋಡೆಗೆ ಟೈಲ್ಸ್ ಕೂರಿಸಿ ಸಂದಿಗೆ ಬಿಳಿ ಸಿಮೆಂಟೂ ತುಂಬಿದ್ಮೇಲೆ ಪ್ಲಂಬರ್ ಬಂದ, ಆಮೇಲೆ ಏನ್ಮಾಡೋದು, ಅದೇ ಹೊಸ ಟೈಲ್ಸನ್ನ ಕಟರ್‌ನಲ್ಲಿ ಸೀಳಿ ಪೈಪ್ ಇಟ್ಟು ಸಿಮೆಂಟ್ ಮೆತ್ತಿದ್ರು, ಈಗ್ಲೂ ಹೋದ್ರೆ ಬಿಳಿ ಗೋಡೆ ಮಧ್ಯೆ ಆ ಬೂದು ಪಟ್ಟಿ ಕಾಣುತ್ತೆ. ಮೇಸ್ತ್ರೀನ ಕೇಳಿದ್ರೆ 'ಪ್ಲಂಬರ್ ಯಾವಾಗ ಬರ್ತಾನೆ ಅಂತ ನಂಗ್ಯಾರು ಹೇಳಿದ್ರು ಸಾರ್' ಅಂತಾನೆ. ಅವನು ಹೇಳೋದ್ರಲ್ಲೂ ನ್ಯಾಯ ಇದೆ.

ಇದಕ್ಕೆ ಮದ್ದು ಹೊಸದೇನಲ್ಲ. 1990ರ ದಶಕದಲ್ಲೇ ಅಮೆರಿಕದ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಅನ್ನೋರು ಲಾಸ್ಟ್ ಪ್ಲಾನರ್ ಅಂತ ಒಂದು ಪದ್ಧತಿ ಬೆಳೆಸಿದ್ರು. ವಾರಕ್ಕೊಂದ್ಸಲ ಸೈಟಲ್ಲೇ ಮೇಸ್ತ್ರಿ, ಕಂಬಿ ಕಟ್ಟೋರು, ಪ್ಲಂಬರ್, ಎಲೆಕ್ಟ್ರಿಷಿಯನ್ ಒಟ್ಟಿಗೆ ಕೂತು ಮುಂದಿನ ವಾರ ಯಾರು ಏನು ಮುಗಿಸ್ತೀವಿ ಅಂತ ಅವರವರ ಬಾಯಲ್ಲೇ ಹೇಳ್ಬೇಕು, ಅದಕ್ಕೆ ಬೇಕಾದ ಸಾಮಾನು, ಡ್ರಾಯಿಂಗು ಇದ್ಯಾ ಅಂತ ಮೊದ್ಲೇ ನೋಡ್ಕೋಬೇಕು, ವಾರ ಮುಗಿದ್ಮೇಲೆ ಹೇಳಿದ್ರಲ್ಲಿ ಎಷ್ಟಾಯ್ತು, ಆಗ್ದಿದ್ದು ಯಾಕೆ ಅಂತ ಲೆಕ್ಕ. ಬೈಯೋಕಲ್ಲ, ಅದೇ ಕಾರಣ ಮುಂದಿನ ವಾರ ಮತ್ತೆ ಬರ್ಬಾರ್ದು ಅಂತ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಬೋರ್ಡು, ಚಾಕ್‌ಪೀಸ್ ಸಾಕು.

ನಮ್ಮ ಜಿಲ್ಲೇಲಿ ಮಳೇನೂ ಈ ಲೆಕ್ಕಕ್ಕೆ ಸೇರ್ಬೇಕು. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಜಡಿಮಳೆ ತಿಂಗಳಲ್ಲಿ, ಹೊರಗಿನ ಕೆಲ್ಸ ಹೇಗೂ ಆಗಲ್ಲ, ಎಸ್ಟಿಮೇಟು ಟೆಂಡರು ಆಗ್ಲೇ ಮುಗೀಲಿ. ಸರ್ವೇನೂ ಆಗ್ಲೇ ಮಾಡ್ಲಿ, ರಸ್ತೆ ಬದಿ ಗುಡ್ಡದ ಬರೆಯಲ್ಲಿ ನೀರು ಎಲ್ಲಿ ಒಸರುತ್ತೆ, ಮೋರಿ ಎಲ್ಲಿ ಬೇಕು ಅನ್ನೋದು ಮಳೇಲಿ ನಿಂತು ನೋಡಿದ್ರೆ ಗೊತ್ತಾಗೋದು, ಏಪ್ರಿಲ್ ಬಿಸಿಲಲ್ಲಿ ಎಲ್ಲಾ ಗುಡ್ಡಾನೂ ಗಟ್ಟೀನೇ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಿದ್ದನ್ನ ನೋಡಿದೋರು ನಾವು, ಮಡಿಕೇರೀಲಿ ಮಂಗಳೂರು ರಸ್ತೆ ಬದಿಯ ತಡೆಗೋಡೆ 2022ರ ಮಳೆಗೆ ಉಬ್ಬಿದ್ದನ್ನೂ ನೋಡಿದೀವಿ.

ಅಕ್ಟೋಬರಲ್ಲಿ ತುಲಾ ಸಂಕ್ರಮಣದ ಹೊತ್ತಿಗೆ ಗುದ್ದಲಿ ಪೂಜೆ ಆದ್ರೆ ಕಾಂಕ್ರೀಟಿಗೆ ನೀರು ಕುಡಿಸೋಕೂ ಟೈಮ್ ಸಿಗುತ್ತೆ, ಕನಿಷ್ಠ 7 ದಿನ ಬೇಕೇ ಬೇಕು, ಬಿಲ್ ಅರ್ಜೆಂಟಿದೆ ಅಂತ ಸಿಮೆಂಟು ಬೇಗ ಗಟ್ಟಿಯಾಗಲ್ಲ. ಕುಡಿಯೋ ನೀರಿನ ಪೈಪಿನವ್ರನ್ನ ಟಾರ್ ಹಾಕೋಕೆ ಮುಂಚೆ ಕರೀರಿ ಅಂತಾನೂ ಯಾರಾದ್ರೂ ಇಂಜಿನಿಯರ್‌ಗಳಿಗೆ ಹೇಳ್ಬೇಕು. ಜಿಲ್ಲಾಡಳಿತ ಮೊದ್ಲು ತಾಲೂಕಿಗೊಂದು ಕಾಮಗಾರಿ ತಗೊಂಡು ಹೀಗೆ ಮಾಡಿ ನೋಡ್ಲಿ, ಆ ವಾರದ ಬೋರ್ಡನ್ನ ರಸ್ತೆಗೆ ಕಾಣೋ ಹಾಗೆ ನಿಲ್ಲಿಸ್ಲಿ, ಹೋಗೋ ಬರೋರೂ ಓದ್ಲಿ.

– ಒಬ್ಬ ಓದುಗ, ಸೋಮವಾರಪೇಟೆ ತಾಲೂಕು