ಮತ್ತೆ ಇನ್ಸ್‌ಪೆಕ್ಟರ್ ಪಾತ್ರವೇ ಬಂದರೆ

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ

ಪ್ರೀತಿಯ ತಮ್ಮ ರಘುವಿಗೆ,

ನಾನು ಕ್ಷೇಮ. ಅಪ್ಪ, ಅಮ್ಮನಿಗೆ ನಮಸ್ಕಾರ ಹೇಳು. ಧಾರಾವಾಹಿಯಲ್ಲಿ ಮತ್ತೆ ಇನ್ಸ್‌ಪೆಕ್ಟರ್ ಪಾತ್ರ, ಅದೂ ಎರಡೇ ದಿನದ ಕಾಲ್‌ಶೀಟು ಅಂತ ಬೇಜಾರು ಮಾಡಿಕೊಂಡು ಬರೆದಿದ್ದೀಯ. ಇಲ್ಲಿ ಹಾಲಿವುಡ್‌ನಲ್ಲಿ ಎಂ. ಎಮೆಟ್ ವಾಲ್ಷ್ ಅಂತ ಒಬ್ಬ ನಟ ಇದ್ದ. ಅವನ ಕೆಲಸ ನೋಡು.

ಹುಟ್ಟಿದ್ದು 1935ರಲ್ಲಿ, ಬೆಳೆದದ್ದು ವರ್ಮಾಂಟ್‌ನಲ್ಲಿ. ಮೂರನೇ ವಯಸ್ಸಿಗೆ ಆಪರೇಷನ್ ಆಗಿ ಎಡಗಿವಿ ಹೋಯಿತು. (ನಮ್ಮ ಬಾಲಣ್ಣನವರ ಕಿವಿಯೂ ಮಂದವೇ ಇತ್ತಲ್ಲ. ಯಾರ ಡೈಲಾಗ್ ಟೈಮಿಂಗ್ ಅವರಿಗೆ ಸಮ, ಹೇಳು?) ಸಿನಿಮಾಕ್ಕೆ ಬರುವ ಹೊತ್ತಿಗೆ ಮೂವತ್ತು ದಾಟಿತ್ತು. ಹೊಟ್ಟೆ ಮುಂದೆ, ಕೂದಲು ಹಿಂದೆ. ಪೊಲೀಸು, ಕೋಚು, ಗುಮಾಸ್ತ, ಇಂಥವೇ ಪಾತ್ರಗಳು.

ಒಂದೆರಡು ದಿನದ ಪಾತ್ರದವರಿಗೆ ಇಲ್ಲಿ ಡೇ ಪ್ಲೇಯರ್ ಅನ್ನುತ್ತಾರೆ. ಕನಿಷ್ಠ ದಿನದ ಸಂಬಳ ನಟರ ಯೂನಿಯನ್ ಗೊತ್ತು ಮಾಡಿದ್ದು. ಏಜೆಂಟಿಗೆ ನೂರಕ್ಕೆ ಹತ್ತು. 1960ರಲ್ಲಿ ನಟರು ಮಾಡಿದ ಮುಷ್ಕರದ ಮೇಲೆ, ಸಿನಿಮಾ ಟೀವಿಯಲ್ಲಿ ಬಂದಾಗ ನಟರಿಗೂ ಪಾಲು ಸಿಗುವ ಹಾಗಾಯಿತು. ಮರುಪ್ರಸಾರ ಆದಂತೆಲ್ಲ ಚೆಕ್ಕು ಸಣ್ಣದಾಗುತ್ತಾ ಹೋಗುತ್ತೆ. ಆದರೆ ವಾಲ್ಷ್ ಥರ ಇನ್ನೂರಕ್ಕೂ ಹೆಚ್ಚು ಪಾತ್ರ ಮಾಡಿದವನಿಗೆ ಅದು ತೆಂಗಿನ ತೋಟ ಇದ್ದಂತೆ.

ಮೊದಲು 1978ರ 'ಸ್ಟ್ರೇಟ್ ಟೈಮ್' ಹಾಕಿಕೊ. ಡಸ್ಟಿನ್ ಹಾಫ್‌ಮನ್ ಜೈಲಿಂದ ಬಿಟ್ಟು ಬಂದವನು, ವಾಲ್ಷ್ ಅವನ ಮೇಲೆ ಕಣ್ಣಿಡುವ ಪೆರೋಲ್ ಆಫೀಸರ್. ಎಲ್ಲೂ ಗದರುವುದಿಲ್ಲ. ನೆಂಟರ ಮನೆಗೆ ಬಂದವನಂತೆ ನಗುನಗುತ್ತ ರೂಮಿಗೆ ಬಂದು, ಸುಟ್ಟ ಬೆಂಕಿಕಡ್ಡಿ ಸಿಕ್ಕಿದ್ದೇ ನೆಪವಾಗಿ, ಡ್ರಗ್ಸ್ ಗುಮಾನಿಯ ಮೇಲೆ ಮತ್ತೆ ಒಳಗೆ ತಳ್ಳುತ್ತಾನೆ. ನೀನು ಎಡವುವುದು ಇಲ್ಲೇ. ಎರಡು ನಿಮಿಷ ಸಿಕ್ಕಿತು ಅಂತ ಹುಬ್ಬು, ಮೀಸೆ, ಲಾಠಿ ಎಲ್ಲ ಒಟ್ಟಿಗೆ ಕುಣಿಸುತ್ತೀಯ.

ಇನ್ನೊಂದು ತಪ್ಪು ಎಡಿಟಿಂಗ್‌ನಲ್ಲಿ ಸಿಕ್ಕಿಬೀಳುತ್ತೆ. ಒಂದೇ ದೃಶ್ಯವನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ತೆಗೆಯುತ್ತಾರಲ್ಲ, ದೂರದ ವೈಡ್ ಶಾಟ್‌ನಲ್ಲಿ 'ಸಹಿ ಹಾಕು' ಅನ್ನುವಾಗ ಟೋಪಿ ತೆಗೆದಿದ್ದರೆ ಕ್ಲೋಸಪ್‌ನಲ್ಲೂ ಅದೇ ಮಾತಿಗೆ, ಅದೇ ಕೈಯಲ್ಲಿ ತೆಗೆಯಬೇಕು. ಇಲ್ಲದಿದ್ದರೆ ಎರಡು ಶಾಟ್ ಕೂಡುವುದಿಲ್ಲ. ಎಡಿಟರ್ ಹೀರೊ ಮುಖ ಇಟ್ಟುಕೊಂಡು ನಿನ್ನದನ್ನು ಕತ್ತರಿಸುತ್ತಾನೆ. ಅದಕ್ಕೇ ಕೈಗೆ ಒಂದೇ ಕೆಲಸ ಕೊಡು.

ಆಮೇಲೆ ನಿರ್ದೇಶಕ ಕೋಯೆನ್ ಸಹೋದರರ ಮೊದಲ ಚಿತ್ರ, 1984ರ 'ಬ್ಲಡ್ ಸಿಂಪಲ್'. ವಾಲ್ಷ್ ಇದರಲ್ಲಿ ದುಡ್ಡಿಗಾಗಿ ಕೊಲೆಗೂ ಸೈ ಅನ್ನುವ ಪತ್ತೇದಾರ. ಕೊನೆಯಲ್ಲಿ ಗುಂಡು ತಿಂದು ಬಾತ್‌ರೂಮಿನ ನೆಲದ ಮೇಲೆ ಬಿದ್ದು, ಸಿಂಕಿನ ಅಡಿಯ ಪೈಪನ್ನೇ ನೋಡುತ್ತಿರುತ್ತಾನೆ. ಅಲ್ಲೊಂದು ಹನಿ ಊರುತ್ತಿದೆ, ಇನ್ನೇನು ಬೀಳಬೇಕು. ಸಾಯುತ್ತಿರುವವನ ಗಮನವೆಲ್ಲ ಆ ಹನಿಯ ಮೇಲೆ! ದೊಡ್ಡ ಸ್ಟುಡಿಯೋಗಳ ಹೊರಗಿನ ಸ್ವತಂತ್ರ ಚಿತ್ರಗಳಿಗೆ ಕೊಡುವ ಸ್ಪಿರಿಟ್ ಪ್ರಶಸ್ತಿ ಮೊದಲ ಸಲ ಕೊಟ್ಟಾಗಲೇ, 1986ರಲ್ಲಿ, ಈ ಪಾತ್ರಕ್ಕೆ ಮುಖ್ಯ ನಟ ಪ್ರಶಸ್ತಿ ಬಂತು. ಆದರೂ ಮರುವರ್ಷ ಅದೇ ಸಹೋದರರ 'ರೈಸಿಂಗ್ ಅರಿಜೋನಾ'ದಲ್ಲಿ ವಟವಟ ಅನ್ನುವ ಕಾರ್ಖಾನೆ ಕೆಲಸಗಾರನಾಗಿ ಬಂದು ಹೋದ. ಸಣ್ಣದು ಅಂತ ಬಿಡಲಿಲ್ಲ.

ಇವನಂಥದೇ ಇನ್ನೊಬ್ಬ ನಟ ಹ್ಯಾರಿ ಡೀನ್ ಸ್ಟಾಂಟನ್ ಅಥವಾ ವಾಲ್ಷ್ ಪೋಷಕ ಪಾತ್ರದಲ್ಲಿದ್ದರೆ ಚಿತ್ರ ಪೂರ್ತಿ ಕೆಟ್ಟದಾಗಿರಲಾರದು ಎಂದು ವಿಮರ್ಶಕ ರಾಜರ್ ಈಬರ್ಟ್ ಒಂದು ನಿಯಮವನ್ನೇ ಮಾಡಿದ್ದ. 2019ರ 'ನೈವ್ಸ್ ಔಟ್'ನಲ್ಲೂ ವಾಲ್ಷ್ ಇದ್ದಾನೆ, ಸೆಕ್ಯುರಿಟಿ ಗಾರ್ಡ್ ಆಗಿ. ತೀರಿಕೊಂಡದ್ದು 2024ರ ಮಾರ್ಚ್ 19ರಂದು. 89 ತುಂಬಲು ಮೂರು ದಿನ ಬಾಕಿ ಇತ್ತು.

'ಸ್ಟ್ರೇಟ್ ಟೈಮ್' ಮೊದಲ ಸಲ ಸೌಂಡ್ ತೆಗೆದು ನೋಡು, ಕೈಗಳನ್ನು ಮಾತ್ರ. ಶೂಟಿಂಗ್ ಮುಗಿದ ಮೇಲೆ ಟೋಪಿ ಯಾವ ಮಾತಿಗೆ ತೆಗೆದೆ ಅಂತ ಬರೆ.

ಇಂತಿ ನಿನ್ನ ಅಕ್ಕ