ಮುಳುಗಿದ ಅಣೆಕಟ್ಟನ್ನೂ ಬರಿ

ಪ್ರೀತಿಯ ತಂಗಿ,

ನಮ್ಮ ನದಿಗಳಿಂದ ಕರೆಂಟು ಬಂದ ಕತೆ ಬರೆಯುತ್ತಿದ್ದೀಯ ಎಂದು ತಿಳಿದು ತುಂಬಾ ಖುಷಿಯಾಯಿತು. ನೀನು ಕಳಿಸಿದ ಹತ್ತು ಪುಟಗಳನ್ನು ಎರಡು ಸಲ ಓದಿದೆ. ಇಸವಿ, ಮೆಗಾವಾಟ್ ಎಲ್ಲ ಸರಿಯಾಗಿವೆ. ಆದರೆ ಒಂದರ ಹಿಂದೆ ಇನ್ನೊಂದು ಯಾಕೆ ಬಂತು ಅನ್ನುವುದು ಕಾಣುತ್ತಿಲ್ಲ.

ಶಿವನಸಮುದ್ರವನ್ನೇ ತಗೋ. 1902ರಲ್ಲಿ ಅಲ್ಲಿ ಕರೆಂಟು ಹುಟ್ಟಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಆ ಕರೆಂಟು ಹೋದದ್ದೆಲ್ಲಿಗೆ? ಸುತ್ತಲ ಹಳ್ಳಿಗಳಿಗಲ್ಲ, 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಹಗಲು ರಾತ್ರಿ ಕರೆಂಟು ಬೇಕು. ಕಾವೇರಿಯೋ ಬೇಸಿಗೆಯಲ್ಲಿ ಬಡವಾಗುತ್ತಾಳೆ. ಮೇಲುಗಡೆ ನೀರು ಹಿಡಿದಿಟ್ಟುಕೊಳ್ಳದೆ ದಾರಿ ಇರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಇದೂ ಒಂದು ಕಾರಣ. ಕನ್ನಂಬಾಡಿ ಅಂದಕೂಡಲೇ ನಮಗೆ ನೆನಪಾಗುವುದು ಭತ್ತ, ಕಬ್ಬು ಅಲ್ವಾ? ಗಣಿ ನೆನಪಾಗುವುದೇ ಇಲ್ಲ. ಈ ಎಳೆಯನ್ನು ಬಿಡಬೇಡ.

ಶರಾವತಿಗೆ ಬಂದಾಗ ನಿಧಾನಿಸು. ಜೋಗದ ಪವರ್‌ಹೌಸಿಗೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1948ರಲ್ಲಿ ಕರೆಂಟು ಬಂತು. ಆಮೇಲೆ ಅದಕ್ಕಿಂತ ಎಷ್ಟೋ ದೊಡ್ಡ ಯೋಜನೆ, 10 ಯಂತ್ರ, 1,035 ಮೆಗಾವಾಟ್. ಅದಕ್ಕಾಗಿ 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತಿತು. ಹಿರೇಭಾಸ್ಕರ ಅದರ ಹಿನ್ನೀರಿನಲ್ಲೇ ಮುಳುಗಿತು. ಕರೆಂಟಿಗೆಂದು ಕಟ್ಟಿದ ಅಣೆಕಟ್ಟು ಕರೆಂಟಿಗಾಗಿಯೇ ಮುಳುಗಿದ್ದು! ನಿನ್ನ ಪುಟಗಳಲ್ಲಿ ಇದರ ಸುಳಿವೇ ಇಲ್ಲ.

ಜೊತೆಗೆ ಊರು, ಗದ್ದೆ, ಅಡಿಕೆ ತೋಟಗಳೂ ಹೋದವು. ನೀನು 'ಪುನರ್ವಸತಿ ಕಲ್ಪಿಸಲಾಯಿತು' ಎಂದು ಬರೆದಿದ್ದೀಯ. ದಯವಿಟ್ಟು ಆ ಸಾಲು ತೆಗೆದುಬಿಡು. 'ಕಲ್ಪಿಸಲಾಯಿತು' ಅನ್ನುವ ಮಾತಿನೊಳಗೆ ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಮುಳುಗಡೆಯವರ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಅವರ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂತು ಬಾ. ಸುಮ್ನೆ ಕೇಳಿಸಿಕೋ, ಪ್ರಶ್ನೆ ಜಾಸ್ತಿ ಬೇಡ.

ಹಾಗೆಯೇ ಮಡೆನೂರಿಗೂ ಹೋಗು. ಹಿನ್ನೀರು ತೀರಾ ಇಳಿದಾಗ ಆ ಹಳೆಯ ಕಟ್ಟೆ ಮೇಲೆ ಕಾಣುತ್ತದೆ. ಹೆಚ್ಚಾದ ನೀರು ತಾನಾಗಿ ಇಳಿದುಹೋಗಲಿ ಎಂದು ಮಾಡಿದ ದುಂಡನೆಯ ಸೈಫನ್‌ಗಳು ಸಾಲಾಗಿ ನಿಂತಿರುತ್ತವೆ. ಹತ್ತಿರ ಹೋಗಿ ಮುಟ್ಟಿ ನೋಡು, ಆಮೇಲೆ ಬರಿ. ಮೇ ತಿಂಗಳೊಳಗೆ ಹೊರಡು. ಮಳೆ ಹಿಡಿದರೆ ಮತ್ತೆ ಎಲ್ಲ ನೀರೊಳಗೆ.

ಇಂತಿ,
ನಿನ್ನ ಅಣ್ಣ